ಹಳೆಯ ಫೋರ್ಡಿಗೊಂದು ಹೊಸ ಗೇರುಕೋಲು

ಕಳೆದ ವರ್ಷ ಬೇಸಿಗೆಯಲ್ಲಿ ನಾನೂ ನಮ್ಮ ಮನೆಯವರೂ ಮಗಳ ಬಾಣಂತನದ ನಿಮಿತ್ತ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಐದು ತಿಂಗಳು ಇದ್ದು ಬಂದೆವು. ಲಾಸ್ ಏಂಜಲೀಸ್ ಮಹಾನಗರದ ಪೂರ್ವಕ್ಕಿರುವ ರಿವರ್‌ಸೈಡ್ ಊರಿನಲ್ಲಿ ಅವರ ಮನೆ. ಕೂಸಿನ ಎಣ್ಣೆ-ನೀರು, ಬಾಣಂತಿಯ ಪಥ್ಯ, ಸಾಂಬ್ರಾಣಿ ಹೊಗೆ ಇವುಗಳಲ್ಲಿ ನಮ್ಮ ಮನೆಯವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಶಾಸ್ತ್ರ ಬೋಧಿಸಿ ನಿವೃತ್ತನಾದ ನನಗೆ ಮಾತ್ರ ಅಲ್ಲಿ ಕೆಲಸವೇ ಇರಲಿಲ್ಲ. "ಅಪ್ಪಾಜಿ, ಸುಮ್ಮನೆ ಒಂದು ಸುತ್ತು ತಿರುಗಾಡಿಕೊಂಡು ಬನ್ನಿ" ಎಂದು ಮಗಳು ದಿನವೂ ಬೆಳಿಗ್ಗೆ ಹೊರಗೆ ಕಳುಹಿಸುತ್ತಿದ್ದಳು. ಹಾಗೆ ತಿರುಗಾಡುವಾಗ ಒಂದು ದಿನ, ಎರಡು ಮನೆಗಳಾಚೆ, ಬಾಗಿಲು ತೆರೆದಿದ್ದ ಕಾರಿನ ಷೆಡ್ಡಿನಿಂದ ಉಕ್ಕಿನ ಮೇಲೆ ಅರ ಆಡಿಸುವ ಸದ್ದು ಕೇಳಿಬಂತು. ವರ್ಕ್‌ಷಾಪಿನಲ್ಲಿ ಆಯುಷ್ಯ ಕಳೆದವನಿಗೆ ಆ ಸದ್ದನ್ನು ದಾಟಿ ಮುಂದೆ ಹೋಗುವುದು ಸಾಧ್ಯವಿಲ್ಲ. ನಿಂತೆ.

ಒಳಗೆ ಎಪ್ಪತ್ತೆಂಟು ವರ್ಷದ ವೃದ್ಧರೊಬ್ಬರು ವೈಸಿಗೆ ಕಚ್ಚಿಸಿದ ಪಟ್ಟಿಯೊಂದನ್ನು ಉಜ್ಜುತ್ತಿದ್ದರು. ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದವರು. ಅವರ ಹಿಂದೆ ಮಡ್‌ಗಾರ್ಡ್‌ಗಳಿಲ್ಲದ, ಮೇಲ್ಛಾವಣಿಯಿಲ್ಲದ, ಬಣ್ಣವನ್ನೂ ಕಾಣದ ಒಂದು ಪುಟ್ಟ ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. 1930ರ ಫೋರ್ಡ್ 'ಮಾಡೆಲ್ ಎ'. ನಾನು ನನ್ನ ಕಸುಬು ಹೇಳಿಕೊಂಡ ಕೂಡಲೇ ಒಂದು ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು. ಅಂದಿನಿಂದ ನಾವು ಹೊರಡುವವರೆಗೂ ನನ್ನ ಬೆಳಗುಗಳು ಆ ಸ್ಟೂಲಿನ ಮೇಲೆಯೇ ಕಳೆದವು.

ಅವರು ಕಟ್ಟುತ್ತಿದ್ದ ಬಗೆಯ ಕಾರಿಗೆ ಆ ನಾಡಿನಲ್ಲಿ 'ಹಾಟ್ ರಾಡ್' ಎನ್ನುತ್ತಾರೆ. ಹಳೆಯ ಕಾರಿನ ಒಡಲಿಗೆ ಬಲವಾದ ಎಂಜಿನ್ನು ಕೂರಿಸಿ, ಬೇಡದ ಭಾರವನ್ನೆಲ್ಲ ಕಿತ್ತೆಸೆದು, ವೇಗಕ್ಕೆಂದು ಮನೆಯಲ್ಲೇ ಮರುಹುಟ್ಟು ಕೊಟ್ಟ ಕಾರು ಅದು. ಹೆನ್ರಿ ಫೋರ್ಡರ ಕಂಪನಿ 1908ರಿಂದ 1927ರವರೆಗೆ 'ಮಾಡೆಲ್ ಟಿ' ಕಾರುಗಳನ್ನು ಒಂದೂವರೆ ಕೋಟಿಗೂ ಮಿಗಿಲಾಗಿ ತಯಾರಿಸಿತು. ಅನಂತರ ಬಂದ 'ಮಾಡೆಲ್ ಎ' ನಾಲ್ಕು ಸಿಲಿಂಡರಿನ, 40 ಅಶ್ವಶಕ್ತಿಯ ಕಾರು, 1931ರವರೆಗೆ ತಯಾರಾಯಿತು. ಮರುವರ್ಷವೇ, 1932ರಲ್ಲಿ, ಅದೇ ಕಂಪನಿ ಸಾಮಾನ್ಯ ಜನರ ಕೈಗೆಟಕುವ ಬೆಲೆಗೆ 65 ಅಶ್ವಶಕ್ತಿಯ ಎಂಟು ಸಿಲಿಂಡರಿನ ಎಂಜಿನ್ನು ಕೊಟ್ಟಿತು. ಹಳೆಯ ಹಗುರ ಕಾರು ಅಗ್ಗಕ್ಕೆ ಸಿಗುತ್ತಿತ್ತು, ದೊಡ್ಡ ಎಂಜಿನ್ನು ಗುಜರಿಯಲ್ಲಿ ಸಿಗತೊಡಗಿತು. ಎರಡನ್ನೂ ಕೂಡಿಸುವ ಹುಡುಗರು ಎಲ್ಲ ಬೀದಿಯಲ್ಲೂ ಇದ್ದರು.

ಲಾಸ್ ಏಂಜಲೀಸಿನ ಉತ್ತರಕ್ಕಿರುವ ಮೊಹಾವೆ ಮರುಭೂಮಿಯಲ್ಲಿ ಒಣಗಿದ ಕೆರೆಯಂಗಳಗಳಿವೆ. ಹಲಗೆಯಂತೆ ಸಮತಟ್ಟಾದ ಗಟ್ಟಿ ಮಣ್ಣಿನ ನೆಲ, ಹತ್ತಾರು ಮೈಲಿ ಅಡ್ಡಿಯಿಲ್ಲ. ಮ್ಯೂರಾಕ್, ಎಲ್ ಮಿರಾಜ್ ಎಂಬ ಅಂಗಳಗಳಲ್ಲಿ ಈ ಹುಡುಗರು ತಮ್ಮ ಕಾರುಗಳ ವೇಗ ಅಳೆಸಿಕೊಳ್ಳುತ್ತಿದ್ದರು. 1937ರಲ್ಲಿ ಅವರ ಕೂಟಗಳೆಲ್ಲ ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ ಕಟ್ಟಿಕೊಂಡು ನಿಯಮಗಳನ್ನು ಮಾಡಿಕೊಂಡರು. ಎರಡನೆಯ ಮಹಾಯುದ್ಧ ಮುಗಿದು, ಸೈನ್ಯದಲ್ಲಿ ಯಂತ್ರಗಳ ರಿಪೇರಿ ಕಲಿತ ತರುಣರು ಮನೆಗೆ ಮರಳಿದ ಮೇಲೆ ಈ ಹವ್ಯಾಸ ಕಾಳ್ಗಿಚ್ಚಿನಂತೆ ಹಬ್ಬಿತು. 1948ರ ಜನವರಿಯಲ್ಲಿ 'ಹಾಟ್ ರಾಡ್' ಎಂಬ ಹೆಸರಿನ ಮಾಸಪತ್ರಿಕೆಯೇ ಹೊರಟಿತು. ನಮ್ಮ ವೃದ್ಧರ ತಂದೆಯವರು ಯುದ್ಧಕ್ಕೆ ಮುಂಚೆ ಎಲ್ ಮಿರಾಜಿನಲ್ಲಿ ಕಾರು ಓಡಿಸಿದವರಂತೆ. ಆ ಕಾಲದ ಒಂದು ಭಾವಚಿತ್ರ ಷೆಡ್ಡಿನ ಗೋಡೆಯ ಮೇಲೆ, ನಮ್ಮಲ್ಲಿ ಹಿರಿಯರ ಪಟ ಹಾಕಿದಂತೆ, ಎಲ್ಲಕ್ಕಿಂತ ಎತ್ತರದಲ್ಲಿ ತೂಗುತ್ತಿತ್ತು.

ನನಗೆ ಈ ಹವ್ಯಾಸದ ಬಗ್ಗೆ ಮೆಚ್ಚುಗೆಯೇ ಇತ್ತೆಂದು ಹೇಳಲಾರೆ. ಒಂದು ಕಾರಿಗೆ ಹನ್ನೊಂದು ವರ್ಷದ ದುಡಿಮೆ, ಅದಕ್ಕೆ ಸುರಿದ ಹಣ, ಅದು ಕುಡಿಯುವ ಪೆಟ್ರೋಲು ಇವನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ ತಲೆಯಾಡಿಸಿದ್ದುಂಟು. ಆದರೆ ಅವರು ಅಂದು ಉಜ್ಜುತ್ತಿದ್ದ ಪಟ್ಟಿ ಏತಕ್ಕೆಂದು ತಿಳಿದ ಮೇಲೆ ನನ್ನ ತಲೆಯಾಡಿಸುವಿಕೆ ನಿಂತಿತು.

ಸಂಗತಿ ಹೀಗಿದೆ. ಅವರ ಪತ್ನಿಗೆ ಎಡಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಕ್ಲಚ್ ತುಳಿಯುವುದು ಅಸಾಧ್ಯವಾಗಿತ್ತು. ಇಬ್ಬರೂ ಸರದಿಯ ಮೇಲೆ ಕಾರು ನಡೆಸಿಕೊಂಡು ಊರೂರು ಸುತ್ತಬೇಕೆಂಬುದು ಮದುವೆಯಾದಂದಿನಿಂದ ಆಡಿಕೊಂಡ ಮಾತು. ಆದುದರಿಂದ ವೃದ್ಧರು ಮೂಲದ ಗೇರುಪೆಟ್ಟಿಗೆಯನ್ನು ತೆಗೆದು, 1969ರಲ್ಲಿ ಜನರಲ್ ಮೋಟರ್ಸ್ ಕಂಪನಿ ಹೊರತಂದ 'ಟರ್ಬೊ ಹೈಡ್ರಾಮ್ಯಾಟಿಕ್ 350' ಎಂಬ, ಕ್ಲಚ್ ಬೇಡದ, ತಾನೇ ಗೇರು ಬದಲಿಸುವ ಪೆಟ್ಟಿಗೆಯನ್ನು ಕೂರಿಸಿದ್ದರು. ತೊಂದರೆ ಶುರುವಾದದ್ದು ಅಲ್ಲಿಂದ. ಮಾಡೆಲ್ ಎ ಕಾರಿನಲ್ಲಿ ಗೇರುಕೋಲು ಪೆಟ್ಟಿಗೆಯ ನೆತ್ತಿಯಿಂದಲೇ ಎದ್ದು ಚಾಲಕನ ಕೈಗೆ ನೇರವಾಗಿ ಬರುತ್ತಿತ್ತು. ಹೊಸ ಪೆಟ್ಟಿಗೆಗೆ ನೆತ್ತಿಯ ಮೇಲೆ ಏನೂ ಇಲ್ಲ. ಅದರ ಎಡಮಗ್ಗುಲಿನಿಂದ ಹೆಬ್ಬೆರಳು ಗಾತ್ರದ ಒಂದು ದಂಡ ಹೊರಚಾಚಿದೆ, ಅಷ್ಟೆ. ಆ ದಂಡವನ್ನು ಆರು ನೆಲೆಗಳಲ್ಲಿ ತಿರುಗಿಸಿ ನಿಲ್ಲಿಸಬೇಕು: ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಎರಡು, ಒಂದು. ಮೂಲದಲ್ಲಿ ಎಂದೂ ಒಂದಾಗಿರದ ಕಾರಿಗೂ ಪೆಟ್ಟಿಗೆಗೂ ನಡುವೆ ಈ ಹಿಡಿಯಿಂದ ಆ ದಂಡದವರೆಗೆ ಕೊಂಡಿಗಳ ಸರಣಿಯೊಂದನ್ನು ಕಟ್ಟಬೇಕು.

ಮೊದಲು ಅವರು ಅಂಗಡಿಯಿಂದ ಸಿದ್ಧ ಹಿಡಿ ಮತ್ತು ಕೇಬಲ್ಲು ತಂದು ಜೋಡಿಸಿದ್ದರು. ಸೈಕಲ್ಲಿನ ಬ್ರೇಕ್ ತಂತಿಯಂತೆ ಒಂದು ಹೊದಿಕೆಯೊಳಗೆ ಓಡುವ ತಂತಿ ಅದು. ಕೇಬಲ್ಲನ್ನು ಹೊಗೆಕೊಳವೆಯ ಪಕ್ಕದಲ್ಲೇ ಹಾಯಿಸಿದ್ದು ತಮ್ಮದೇ ಅವಿವೇಕವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬಿಸಿಗೆ ಹೊದಿಕೆ ಮೆತ್ತಗಾಯಿತು; ತಂತಿ ಸಡಿಲಿತು; ಹಿಡಿ ಪೂರ್ತಿ ಚಲಿಸಿದರೂ ದಂಡ ಪೂರ್ತಿ ತಿರುಗದಾಯಿತು. ಒಂದು ಸಂಜೆ ಇಳಿಜಾರಾದ ಮನೆಯಂಗಳದಲ್ಲಿ ಕಾರು ನಿಲ್ಲಿಸಿ, ಹಿಡಿಯನ್ನು ಪಾರ್ಕಿಗೆ ತಂದು, ಎಂಜಿನ್ನು ನಡೆಯುತ್ತಿರುವಂತೆಯೇ ಇಳಿದು ಗೇಟಿನ ಕಡೆ ಹೊರಟರು. ಹಿಡಿಯ ಸೂಜಿ 'ಪಾರ್ಕ್' ಎನ್ನುತ್ತಿತ್ತು. ಪೆಟ್ಟಿಗೆ ಪಾರ್ಕಿಗೂ ರಿವರ್ಸಿಗೂ ನಡುವೆ ಎಲ್ಲೋ ನಿಂತಿತ್ತು. ಅರೆ ನಿಮಿಷದಲ್ಲಿ ಅದು ಜಾರಿ ರಿವರ್ಸಿಗೆ ಬಿತ್ತು. ಕಾರಿನ ಹಿಂದೆ, ಟಪಾಲು ಡಬ್ಬಿಯ ಬಳಿ, ಅವರ ಪತ್ನಿ ನಿಂತಿದ್ದರು. ಟಪಾಲು ಡಬ್ಬಿಯ ಕಂಬ ಅಡ್ಡ ಬಂದು ಕಾರನ್ನು ಪಕ್ಕಕ್ಕೆ ತಿರುಗಿಸದಿದ್ದರೆ ಆಕೆ ಉಳಿಯುತ್ತಿರಲಿಲ್ಲ. ತೊಡೆಗೆ ಪೆಟ್ಟಾಗಿ ಮೂರು ವಾರ ಮಲಗಿದ್ದರು. ಆ ಮೇಲೆ ಒಂದೂವರೆ ವರ್ಷ ಆಕೆ ಷೆಡ್ಡಿಗೆ ಕಾಲಿಟ್ಟಿರಲಿಲ್ಲ. ಗಂಡ ಕಾರು ಮಾರಿಬಿಡುತ್ತೇನೆಂದರೆ "ಬೇಡ" ಎನ್ನುವರು, ಹತ್ತು ಎಂದರೆ "ಒಲ್ಲೆ" ಎನ್ನುವರು.

ಇದು ಇವರೊಬ್ಬರ ಮನೆಯ ಕಥೆಯಲ್ಲ. ಕಾರ್ಖಾನೆಯಿಂದ ಬಂದ ಕಾರುಗಳಲ್ಲೂ ಪಾರ್ಕಿನಿಂದ ರಿವರ್ಸಿಗೆ ಜಾರುವ ದೂರುಗಳು 1970ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ವಿವಾದವಾಗಿದ್ದವು. 1980ರ ಕೊನೆಗೆ ಅಲ್ಲಿನ ಸಾರಿಗೆ ಇಲಾಖೆಯೊಡನೆ ಆದ ಒಪ್ಪಂದದಂತೆ ಫೋರ್ಡ್ ಕಂಪನಿ ಸುಮಾರು 2 ಕೋಟಿ 30 ಲಕ್ಷ ವಾಹನಗಳಿಗೆ ಎಚ್ಚರಿಕೆಯ ಚೀಟಿಗಳನ್ನು ಕಳುಹಿಸಬೇಕಾಯಿತು. ಗೇರುಗಳ ಕ್ರಮ ಹೇಗಿರಬೇಕು, ಮುಂದೆ ಹೋಗುವ ಗೇರಿಗೂ ಹಿಂದೆ ಹೋಗುವ ಗೇರಿಗೂ ನಡುವೆ ನ್ಯೂಟ್ರಲ್ ಇರಲೇಬೇಕು, ಗೇರಿನಲ್ಲಿರುವಾಗ ಎಂಜಿನ್ನು ಚಾಲೂ ಆಗಕೂಡದು ಎಂಬ ಕಾನೂನು 1968ರಿಂದಲೇ ಅಲ್ಲಿದೆ. ಆದರೆ ಕೊಂಡಿ ಸುಳ್ಳು ಹೇಳಿದರೆ ಕಾನೂನು ಏನು ಮಾಡೀತು?

ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ತಿಳಿಸಬೇಕು. ಹೊರಚಾಚಿದ ದಂಡದ ಒಳತುದಿಯಲ್ಲಿ ಹುಂಜದ ಜುಟ್ಟಿನಂತೆ ಕಚ್ಚುಗಳುಳ್ಳ ಒಂದು ತಗಡು ಇದೆ. ಸ್ಪ್ರಿಂಗಿನ ತುದಿಯ ಪುಟ್ಟ ಉರುಳೆಯೊಂದು ಆ ಕಚ್ಚುಗಳಲ್ಲಿ ಇಳಿದು ಕೂರುತ್ತದೆ. ಒಂದು ಕಚ್ಚು, ಒಂದು ಗೇರು. ಅದೇ ದಂಡ ಎಣ್ಣೆಯ ದಾರಿಗಳನ್ನು ತೆರೆದು ಮುಚ್ಚುವ ಕವಾಟವನ್ನು ಎಳೆಯುತ್ತದೆ. ಉರುಳೆ ಕಚ್ಚಿನ ತಳದಲ್ಲಿದ್ದರೆ ಎಣ್ಣೆಯ ದಾರಿ ಪೂರ್ಣ ತೆರೆದಿರುತ್ತದೆ. ಎರಡು ಕಚ್ಚುಗಳ ನಡುವಿನ ದಿಬ್ಬದ ಮೇಲೆ ನಿಂತರೆ ದಾರಿ ಅರೆತೆರೆದು, ಒತ್ತಡ ಸಾಲದೆ, ಒಳಗಿನ ಕ್ಲಚ್ ಬಿಲ್ಲೆಗಳು ಪರಸ್ಪರ ಬಿಗಿಯಾಗಿ ಹಿಡಿಯದೆ ಜಾರುತ್ತ ಸುಟ್ಟುಹೋಗುತ್ತವೆ. ಪಾರ್ಕಿನಲ್ಲಂತೂ ಎಣ್ಣೆಯ ಮಾತಿಲ್ಲ. ಉಕ್ಕಿನ ಒಂದು ಕೊಕ್ಕೆ ಹಿಂಚಕ್ರಗಳಿಗೆ ಹೋಗುವ ದಂಡದ ಹಲ್ಲುಗಳ ನಡುವೆ ಬಿದ್ದು ಕಾರನ್ನು ಕಟ್ಟಿಹಾಕುತ್ತದೆ. ಕೊಕ್ಕೆ ಪೂರ್ತಿ ಬೀಳಬೇಕು. ಮುಕ್ಕಾಲು ಬಿದ್ದರೆ ಬಿದ್ದಂತಲ್ಲ.

"ಪ್ರೊಫೆಸರ್, ನಾನು ಮಾಡಿದ ದೊಡ್ಡ ತಪ್ಪು ಕೇಬಲ್ಲಲ್ಲ," ಎಂದರು ಅವರು ಒಂದು ದಿನ. "ಆ ಅಂಗಡಿಯ ಹಿಡಿಗೆ ಅದರದೇ ಕಚ್ಚುಗಳಿದ್ದವು. ಅದು ಟಕ್ ಎಂದಾಗ ಪೆಟ್ಟಿಗೆ ಟಕ್ ಎಂದಿತೆಂದು ನಂಬಿದೆ."

ನಾನು ತರಗತಿಯಲ್ಲಿ ಕೊಂಡಿಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ! ಈ ಮಾತನ್ನು ಒಂದು ಸಲವೂ ಹೇಳಿರಲಿಲ್ಲ. ಹಿಡಿಗೆ ಸ್ವಂತ ನಾಲಿಗೆ ಇರಕೂಡದು. ಪೆಟ್ಟಿಗೆಯೊಳಗಿನ ಉರುಳೆ ಕಚ್ಚಿಗಿಳಿಯುವ ಅನುಭವವೇ ಕೊಂಡಿಗಳ ಮೂಲಕ ಅಂಗೈಗೆ ಬರಬೇಕು. ಹೊಸ ಸರಣಿಯನ್ನು ಅವರು ಕಟ್ಟಲು ಹೊರಟದ್ದು ಈ ಒಂದೇ ಸೂತ್ರದ ಮೇಲೆ.

ಅದಕ್ಕಾಗಿ ಕೇಬಲ್ಲಿನ ಬದಲು ಗಟ್ಟಿ ಉಕ್ಕಿನ ಸಲಾಕೆಯನ್ನು ಆರಿಸಿಕೊಂಡರು. ಮೊದಲ ಪ್ರಯತ್ನ ನಾನು ಹೋಗುವ ಮುಂಚೆಯೇ ಕೆಟ್ಟಿತ್ತು. ಹಿಡಿ ಕಾರಿನ ನಡುಮಧ್ಯದಲ್ಲಿ, ದಂಡ ಪೆಟ್ಟಿಗೆಯ ಎಡಕ್ಕೆ, ನಡುವೆ ಬ್ರೇಕಿನ ಸಿಲಿಂಡರು ಅಡ್ಡ. ಅದನ್ನು ಬಳಸಿಕೊಂಡು ಹೋಗಲು ಸಲಾಕೆಯನ್ನು ಎರಡು ಕಡೆ ಬಗ್ಗಿಸಿದ್ದರು. ಬಗ್ಗಿದ ಸಲಾಕೆಯನ್ನು ನೂಕಿದರೆ ಅದು ಮೊದಲು ಬಿಲ್ಲಿನಂತೆ ಮಣಿಯುತ್ತದೆ, ಆಮೇಲೆ ಚಲಿಸುತ್ತದೆ. ಮಣಿದಷ್ಟು ಸುಳ್ಳು. ಅದನ್ನು ಮೂಲೆಗೆಸೆದಿದ್ದರು.

ಎರಡನೆಯ ಯೋಜನೆಗೆ ನಾನೂ ಒಂದಿಷ್ಟು ಪಾಲುದಾರ. ಹಿಡಿಯನ್ನೇ ಒಂದು ಅಡ್ಡ ಕೊಳವೆಗೆ ಬಿಗಿದು, ಆ ಕೊಳವೆ ಪೆಟ್ಟಿಗೆಯ ಹಿಂಬಾಲದ ಮೇಲ್ಗಡೆ ಬಲದಿಂದ ಎಡಕ್ಕೆ ಹಾಯುವಂತೆ ಮಾಡಿ, ಅದರ ಎಡತುದಿಗೆ ಒಂದು ತೋಳು ಕೂರಿಸಿ, ಆ ತೋಳಿನಿಂದ ದಂಡದ ತೋಳಿಗೆ ನೆಟ್ಟಗಿನ ಗಿಡ್ಡ ಸಲಾಕೆ ಕೊಡುವುದು. ತಿರುಚುವ ಬಲವನ್ನು ತಾಳಿಕೊಳ್ಳುವುದರಲ್ಲಿ ಅಷ್ಟೇ ತೂಕದ ಸಲಾಕೆಗಿಂತ ಟೊಳ್ಳು ಕೊಳವೆ ಮೇಲು; ಆದ್ದರಿಂದ ಒಂದು ಅಂಗುಲ ವ್ಯಾಸದ ದಪ್ಪಗೋಡೆಯ ಕೊಳವೆ. ಅದನ್ನು ಹೊರುವ ಚೌಕಟ್ಟನ್ನು ಕಾರಿನ ಚಾಸಿಗೆ ಬಿಗಿಯದೆ ಪೆಟ್ಟಿಗೆಯ ಬೋಲ್ಟುಗಳಿಗೇ ಬಿಗಿಯಬೇಕೆಂದು ಅವರು ಹಟ ಹಿಡಿದರು. ಅವರೆಂದದ್ದೇ ಸರಿ. ಎಂಜಿನ್ನೂ ಪೆಟ್ಟಿಗೆಯೂ ರಬ್ಬರ್ ಮೆತ್ತೆಗಳ ಮೇಲೆ ಕುಳಿತಿರುತ್ತವೆ. ವೇಗ ಹೆಚ್ಚಿಸಿದಾಗ ಮಗ್ಗುಲಿಗೆ ಹೊರಳುತ್ತವೆ. ಹಿಡಿ ಚಾಸಿಯ ಮೇಲೂ ದಂಡ ಪೆಟ್ಟಿಗೆಯ ಮೇಲೂ ಇದ್ದರೆ ಪ್ರತಿ ಹೊರಳಿಗೂ ಗೇರು ಎಳೆದಂತಾಗುತ್ತದೆ. ಎರಡೂ ಒಂದೇ ಒಡಲಿನ ಮೇಲಿದ್ದರೆ ಒಟ್ಟಿಗೆ ಹೊರಳುತ್ತವೆ.

ತೋಳುಗಳ ಉದ್ದದ ಲೆಕ್ಕ ನನ್ನ ಪಾಲಿಗೆ ಬಂತು. ಓದುಗರಿಗೆ ಒಂದು ಮಾದರಿ ಹೇಳುವುದಾದರೆ, ದಂಡದ ತೋಳು 3 ಅಂಗುಲ, ಅದು ಮೊದಲ ನೆಲೆಯಿಂದ ಕೊನೆಯ ನೆಲೆಗೆ 75 ಡಿಗ್ರಿ ತಿರುಗಬೇಕು ಎಂದಿಟ್ಟುಕೊಳ್ಳಿ. ತೋಳಿನ ತುದಿ ಆಗ ನೇರಗೆರೆಯಲ್ಲಿ ಸುಮಾರು 3.65 ಅಂಗುಲ ಸಾಗುತ್ತದೆ. ಕೊಳವೆಯ ತೋಳು 4.5 ಅಂಗುಲವಿದ್ದರೆ ಅಷ್ಟೇ ದೂರಕ್ಕೆ ಅದು ಸುಮಾರು 48 ಡಿಗ್ರಿ ತಿರುಗಿದರೆ ಸಾಕು. ಒಂದಡಿ ಎತ್ತರದ ಹಿಡಿ ಆಗ ಸುಮಾರು 10 ಅಂಗುಲ ಆಡುತ್ತದೆ. ಆರು ನೆಲೆಗಳೂ ಕೈಗೆ ಬೇರೆಬೇರೆಯಾಗಿ ಸಿಗುತ್ತವೆ. ತೋಳು ಇನ್ನೂ ಉದ್ದವಾದರೆ ಹಿಡಿಯ ಆಟ ಕುಗ್ಗಿ ನೆಲೆಗಳು ಒತ್ತೊತ್ತಾಗುತ್ತವೆ, ನೂಕಲು ಬಲವೂ ಹೆಚ್ಚು ಬೇಕು. ಗಿಡ್ಡವಾದರೆ ಹಿಡಿ ಡ್ಯಾಷ್‌ಬೋರ್ಡಿನಿಂದ ಆಸನದವರೆಗೆ ಹೋಗಿಬರುತ್ತದೆ. ನಡುನೆಲೆಯಲ್ಲಿ ಸಲಾಕೆ ಎರಡೂ ತೋಳುಗಳಿಗೆ ಲಂಬವಾಗಿರಬೇಕೆಂಬುದು ಇನ್ನೊಂದು ನಿಯಮ. ಅದು ತಪ್ಪಿದರೆ ಒಂದು ತುದಿಯ ನೆಲೆಗಳು ಅಗಲವಾಗಿ, ಇನ್ನೊಂದು ತುದಿಯವು ಇಕ್ಕಟ್ಟಾಗುತ್ತವೆ.

ಕಾಗದದ ಮೇಲೆ ಬರೆದುಕೊಟ್ಟೆ. ಅವರು ಅದನ್ನು ಗೌರವದಿಂದ ನೋಡಿ, ಗೋಡೆಗೆ ಅಂಟಿಸಿ, ರಟ್ಟು ಕತ್ತರಿಸತೊಡಗಿದರು! ರಟ್ಟಿನ ತೋಳುಗಳು, ವೆಲ್ಡಿಂಗ್ ಕಡ್ಡಿಯ ಸಲಾಕೆ, ಗುಂಡುಸೂಜಿಯ ಕೀಲು. ಕಾರಿನಡಿ ಅಂಗಾತ ಮಲಗಿ ಆ ರಟ್ಟಿನ ಸರಣಿಯನ್ನು ಆರೂ ನೆಲೆಗಳಲ್ಲಿ ಆಡಿಸಿ, ಎಲ್ಲಿ ಏನು ತಾಗುತ್ತದೆಂದು ಸೀಮೆಸುಣ್ಣದಿಂದ ಗುರುತು ಹಾಕಿದರು. ನನ್ನ ಲೆಕ್ಕದಲ್ಲಿ ಇಲ್ಲದ ಒಂದು ಸಂಗತಿ ಆಗ ಗೊತ್ತಾಯಿತು: 'ಒಂದು' ಎಂಬ ನೆಲೆಯಲ್ಲಿ ಸಲಾಕೆಯ ತುದಿ ಹೊಗೆಕೊಳವೆಗೆ ತಾಗುತ್ತಿತ್ತು. ಕೊಳವೆಯ ತೋಳನ್ನು ಅರ್ಧ ಅಂಗುಲ ಒಳಕ್ಕೆ ಸರಿಸಬೇಕಾಯಿತು. ರಟ್ಟು ನನಗಿಂತ ಜಾಣ ಎಂದು ಒಪ್ಪಿಕೊಂಡೆ.

ಉಕ್ಕಿನ ಕೆಲಸ ಎರಡು ವಾರ ಹಿಡಿಯಿತು. ಕಾಲಂಗುಲ ದಪ್ಪದ ಪಟ್ಟಿಯಿಂದ ತೋಳುಗಳನ್ನು ಕತ್ತರಿಸಿ, ಚೌಕಟ್ಟಿನ ಎರಡು ಕೆನ್ನೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ಒಂದೇ ಏಟಿಗೆ ತೂತು ಕೊರೆದರು, ಎರಡರ ತೂತೂ ಒಂದೇ ಸಾಲಿಗೆ ಬರಲೆಂದು. ಬೆಸುಗೆ ಮಾತ್ರ ಕೊನೆಗೆ. ಎಲ್ಲವನ್ನೂ ಕಾರಿನಲ್ಲೇ ಜೋಡಿಸಿ, ಅಲ್ಲಲ್ಲಿ ಬಿಂದುಬೆಸುಗೆ ಹಾಕಿ, ಆಡಿಸಿ ನೋಡಿ, ಬಿಚ್ಚಿ ಮೇಜಿನ ಮೇಲೆ ಪೂರ್ತಿ ಬೆಸೆದರು. ಬೆಸುಗೆಯ ಬಿಸಿಗೆ ಲೋಹ ಸೆಳೆದುಕೊಳ್ಳುತ್ತದೆಂಬುದು ಗೊತ್ತಿದ್ದವರು. ಆದುದರಿಂದ ಕೊಳವೆ ತಿರುಗುವ ಕಂಚಿನ ಬುಷ್‌ಗಳನ್ನು ಆ ಮೇಲೆಯೇ ಕೂರಿಸಿ ರೀಮರಿನಿಂದ ಒಂದೇ ಸಾಲಿನಲ್ಲಿ ಸವರಿದರು.

ಸಲಾಕೆಯ ಎರಡು ತುದಿಗಳಿಗೆ ಗುಂಡುಕೀಲುಗಳು. ಅಲ್ಲಿಯವರು ಹೈಮ್ ಜಾಯಿಂಟ್ ಎನ್ನುವ ಇದರಲ್ಲಿ ತೂತುಳ್ಳ ಉಕ್ಕಿನ ಗುಂಡೊಂದು ಬಳೆಯೊಳಗೆ ಎಲ್ಲ ದಿಕ್ಕಿಗೂ ವಾಲಬಲ್ಲದು, ಸಡಿಲವಾಗದು. ಸಡಿಲಿನ ವಿಷಯದಲ್ಲಿ ಅವರು ಜಿಪುಣರು. ಕೀಲಿನಲ್ಲಿ ಅರ್ಧ ಮಿಲಿಮೀಟರು ಸಡಿಲಿದ್ದರೆ ಹಿಡಿಯ ತುದಿಯಲ್ಲಿ ಅದು 1.3 ಮಿಲಿಮೀಟರಿಗೂ ಮಿಗಿಲಾಗುತ್ತದೆ. ಅಂಥ ಮೂರು ಕೀಲು ಸೇರಿದರೆ ಕೈಗೆ ಏನೂ ತಿಳಿಯುವುದಿಲ್ಲ. ನಾನು ತರುಣನಾಗಿದ್ದಾಗ ನಮ್ಮೂರಿನಲ್ಲಿ ಸ್ಟೀರಿಂಗ್ ಕಂಬಕ್ಕೆ ಗೇರುಕಡ್ಡಿ ಇದ್ದ ಬಾಡಿಗೆ ಕಾರುಗಳ ಚಾಲಕರು, ಕಡ್ಡಿ ಸಿಕ್ಕಿಕೊಂಡಾಗ ಇಳಿದು ಬಾನೆಟ್ ಎತ್ತಿ ಕೈಯಿಂದ ಕೊಂಡಿ ಬಿಡಿಸುತ್ತಿದ್ದುದು ಅಲ್ಲಿ ನೆನಪಾಯಿತು. ಸವೆದ ಬುಷ್‌ಗಳ ಪ್ರತಾಪ ಅದು. ಗುಂಡುಕೀಲಿನ ಬೋಲ್ಟನ್ನು ಒಂದೇ ಕಡೆಯಿಂದ ಹಿಡಿಯದೆ ಎರಡು ಕೆನ್ನೆಗಳ ಕವಲಿನ ನಡುವೆ ಕೂರಿಸಿ, ನಟ್ಟಿಗೆ ಕಾಟರ್ ಪಿನ್ ಹಾಕಿದರು. ಸಲಾಕೆಯ ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ. ಅಂಗುಲಕ್ಕೆ 24 ಮರೆಗಳಾದ್ದರಿಂದ ಸಲಾಕೆಯನ್ನು ಒಂದು ಸುತ್ತು ತಿರುಗಿಸಿದರೆ ಉದ್ದ ಸುಮಾರು 2 ಮಿಲಿಮೀಟರು ಬದಲಾಗುತ್ತದೆ. ಏನನ್ನೂ ಬಿಚ್ಚದೆ ಕೂದಲೆಳೆಯಷ್ಟು ಹೊಂದಿಸಬಹುದು.

ಹಿಡಿಗೆ ಕಚ್ಚು ಬೇಡವೆಂದರೂ, ಮೊಣಕೈ ತಾಗಿ ಗೇರು ರಿವರ್ಸಿಗೆ ಹೋಗದಂತೆ ತಡೆಯೊಂದು ಬೇಕು. ಅದಕ್ಕಾಗಿ ಹಿಡಿಯ ಪಕ್ಕ ಮೆಟ್ಟಿಲುಮೆಟ್ಟಿಲಾಗಿ ಕೊರೆದ ತಗಡು, ಹಿಡಿಯ ತಲೆಯ ಗುಂಡಿ ಒತ್ತಿದರೆ ಮೇಲೇಳುವ ಪಿನ್ನು. ತಗಡಿನ ಪ್ರತಿ ಖಾನೆಯನ್ನೂ ಪಿನ್ನಿಗಿಂತ ಒಂದೂವರೆ ಮಿಲಿಮೀಟರು ಅಗಲವಾಗಿ ಬಿಟ್ಟರು. ನಾನು ಮೊದಲು ಬಂದ ದಿನ ಅರ ಹಾಕಿ ಉಜ್ಜುತ್ತಿದ್ದುದು ಈ ತಗಡಿನ ಒಂದು ಮಾದರಿಯನ್ನೇ. ಖಾನೆ ಬಿಗಿಯಾದರೆ ತಗಡೇ ಗೇರನ್ನು ನಿರ್ಧರಿಸುತ್ತದೆ. ಅಗಲವಿದ್ದರೆ ಪೆಟ್ಟಿಗೆಯ ಉರುಳೆ ತನ್ನ ಕಚ್ಚಿಗೆ ತಾನೇ ಇಳಿಯುತ್ತದೆ. ಎಂಜಿನ್ನು ಗೇರಿನಲ್ಲಿ ಚಾಲೂ ಆಗದಂತೆ ತಡೆಯುವ ಸ್ವಿಚ್ಚನ್ನೂ ಹಿಡಿಯ ಬಳಿ ಇಡಲಿಲ್ಲ, ಪೆಟ್ಟಿಗೆಯ ದಂಡದ ತೋಳಿಗೇ ತಾಗುವಂತೆ ಇಟ್ಟರು. ಹಿಡಿಯ ಬಳಿಯ ಸ್ವಿಚ್ಚು ಹಿಡಿಯ ಸುಳ್ಳನ್ನೇ ನಂಬುತ್ತದೆ.

ಹೊಂದಿಕೆಯ ದಿನ ಷೆಡ್ಡಿನಲ್ಲಿ ಮಾತಿರಲಿಲ್ಲ. ಸಲಾಕೆಯನ್ನು ಕಳಚಿ, ಕೈಯಿಂದಲೇ ದಂಡವನ್ನು ಪಾರ್ಕಿಗೆ ತಿರುಗಿಸಿ, ಉರುಳೆ ಕಚ್ಚಿಗಿಳಿದದ್ದನ್ನು ಬೆರಳಿನಲ್ಲೇ ತಿಳಿದುಕೊಂಡರು. ಹಿಡಿಯನ್ನು ಪಾರ್ಕಿನಲ್ಲಿಟ್ಟು, ಬೋಲ್ಟು ಒತ್ತಾಯವಿಲ್ಲದೆ ತನ್ನ ಪಾಡಿಗೆ ತಾನು ತೂತಿನೊಳಗೆ ಜಾರುವವರೆಗೆ ಸಲಾಕೆಯನ್ನು ಸುತ್ತಿದರು. ಬಳಿಕ ಇನ್ನೊಂದು ತುದಿಯ ನೆಲೆಯಲ್ಲಿ ಅದೇ ಪರೀಕ್ಷೆ. ಅಲ್ಲಿ ಕೂದಲಷ್ಟು ಬಿಗಿ. ಅರ್ಧ ಸುತ್ತು ಸಡಿಲಿಸಿ ಮತ್ತೆ ಮೊದಲಿಂದ. ಸಂಜೆಯ ಹೊತ್ತಿಗೆ ನನ್ನ ಕಣ್ಣು ಮುಚ್ಚಿಸಿ ಹಿಡಿಯನ್ನು ಕೈಗೆ ಕೊಟ್ಟರು. ಆರು ಕಚ್ಚುಗಳನ್ನು ಅಂಗೈಯಲ್ಲಿ ಎಣಿಸಿದೆ.

ನಾವು ಊರಿಗೆ ಹೊರಡುವ ಮೂರು ದಿನ ಮುಂಚೆ ಕಾರು ಅಂಗಳಕ್ಕೆ ಇಳಿಯಿತು. ಅದೇ ಇಳಿಜಾರು, ಹೊಸ ಟಪಾಲು ಡಬ್ಬಿ. ಹಿಂಚಕ್ರಗಳಿಗೆ ಒಂದು ಗೇಣು ಬಿಟ್ಟು ಮರದ ದಪ್ಪ ತುಂಡುಗಳನ್ನು ಇಟ್ಟಿದ್ದರು. ಅವರ ಪತ್ನಿ ಬಾಗಿಲ ಬಳಿ ಬಂದು ನಿಂತರು. ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ಕೋಲು ಊರಿಕೊಂಡು ಬಂದು, ಚಾಲಕನ ಆಸನದಲ್ಲಿ ಕುಳಿತರು. ಎಂಜಿನ್ನು ಚಾಲೂ ಮಾಡಿ, ಬ್ರೇಕಿನ ಮೇಲೆ ಕಾಲಿಟ್ಟು, ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರು. ಪ್ರತಿ ನೆಲೆಯಲ್ಲೂ ನಿಲ್ಲಿಸಿ ಹಿಡಿಯನ್ನು ಅಲುಗಿಸಿ ನೋಡಿದರು. ಗಂಡನ ಮುಖವನ್ನು ನೋಡಲಿಲ್ಲ. ಕೊನೆಗೆ ಪಾರ್ಕಿಗೆ ತಂದು ಬ್ರೇಕಿನಿಂದ ಕಾಲು ತೆಗೆದರು. ಕಾರು ಒಂದಂಗುಲದಷ್ಟು ಹಿಂದೆ ಜಾರಿ, ಕೊಕ್ಕೆ ಹಲ್ಲಿಗೆ ಬಿದ್ದ ಸದ್ದಿನೊಡನೆ ನಿಂತಿತು. ನಾವು ಮೂವರೂ ಕಾದೆವು. ಅಲುಗಲಿಲ್ಲ.

ಆಕೆ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು, ಹಿಂತಿರುಗಿ ನೋಡದೆಯೇ, ಆ ಮರದ ತುಂಡುಗಳನ್ನು ತೆಗೆಯಿರಿ ಎಂದರು.